ಮಳೆ ನಮಗೆ ಹೊಸದಲ್ಲ, ಟೆಂಟು ಹೊಸದು

ಪ್ರಶ್ನೆ: ಅಕ್ಕ, ನಾವು ಐದು ಜನ ಗೆಳೆಯರು ಸೆಪ್ಟೆಂಬರ್ ಕೊನೆಗೆ ಅರುಣಾಚಲದ ಝೀರೋ ಸಂಗೀತ ಉತ್ಸವಕ್ಕೆ ಹೊರಟಿದ್ದೇವೆ. ಟೆಂಟಿನಲ್ಲೇ ಉಳಿಯುವ ಯೋಚನೆ. ಹೋಗಿ ಬಂದವರು ಮಳೆ, ಕೆಸರು ಅಂತ ಹೆದರಿಸುತ್ತಿದ್ದಾರೆ. ನಾವು ಸಕಲೇಶಪುರದ ಕಡೆಯವರು, ಮಳೆ ನಮಗೇನು ಹೊಸದಲ್ಲ. ಆದರೂ ಏನೇನು ತಗೊಂಡು ಹೋಗಬೇಕು ಹೇಳಿ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ‘ಮಳೆ ನಮಗೇನು ಹೊಸದಲ್ಲ’ ಅನ್ನುವ ಧೈರ್ಯವೇ ಮಲೆನಾಡಿನವರಿಗೆ ಟೆಂಟಿನಲ್ಲಿ ಕೈಕೊಡುವುದು. ನಾನು ಮೂಡಿಗೆರೆ ಕಡೆಯವಳು. ಆರಿದ್ರೆ ಮಳೆಯಲ್ಲಿ ತೋಟ ಸುತ್ತಿಯೇ ಬೆಳೆದವಳು. ಆದರೆ ತೋಟದಿಂದ ನೆನೆದು ಬಂದ ಮೇಲೆ ನಮಗೆ ಏನೇನು ಸಿಗುತ್ತದೆ ಯೋಚಿಸಿ. ಬಚ್ಚಲ ಹಂಡೆ ತುಂಬ ಬಿಸಿನೀರು. ಒಲೆ ಹತ್ತಿರ ಹರವಿಟ್ಟ ಬೆಚ್ಚಗಿನ ಬಟ್ಟೆ. ಕೈಗೆ ಕಾಫಿ. ನಮಗೆ ಗೊತ್ತಿರುವುದು ಬೆನ್ನಿಗೊಂದು ಮನೆ ಇರುವ ಮಳೆ. ಟೆಂಟಿನಲ್ಲಿ ಹಂಡೆಯೂ ಇಲ್ಲ, ಒಲೆಯೂ ಇಲ್ಲ. ಒಮ್ಮೆ ಒದ್ದೆಯಾದದ್ದು ವಾಪಸ್ ಊರಿಗೆ ಬರುವವರೆಗೆ ಒದ್ದೆಯೇ.

ಆದ್ದರಿಂದ ಮೊದಲ ನಿಯಮ. ರಾತ್ರಿ ಮಲಗುವ ಒಂದು ಜೊತೆ ಬಟ್ಟೆ, ಉಣ್ಣೆಯ ಕಾಲುಚೀಲ, ತಲೆಗೊಂದು ಟೋಪಿ ಇವನ್ನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿ. ಏನೇ ಆಗಲಿ, ಅದನ್ನು ಹಾಕಿಕೊಂಡು ಟೆಂಟಿನಿಂದ ಹೊರಗೆ ಕಾಲಿಡಬೇಡಿ. ಬೆಳಿಗ್ಗೆ ಎದ್ದು ನಿನ್ನೆಯ ಒದ್ದೆ ಬಟ್ಟೆಯನ್ನೇ ಮತ್ತೆ ಹಾಕಿಕೊಳ್ಳಬೇಕು. ಆ ಮೊದಲ ಐದು ನಿಮಿಷ ಬೇಡಪ್ಪಾ ಬೇಡ ಅನಿಸುತ್ತದೆ, ಸುಳ್ಳು ಹೇಳಲ್ಲ. ಆಮೇಲೆ ಮೈ ಬೆಚ್ಚಗಾಗುತ್ತದೆ. ಜೀನ್ಸ್ ಮಾತ್ರ ಬೇಡವೇ ಬೇಡ. ನೆನೆದರೆ ಭಾರ, ಒಣಗುವ ಮಾತೇ ಇಲ್ಲ. ಆಟಕ್ಕೆ ಹಾಕುವ ತೆಳು ಪಾಲಿಯೆಸ್ಟರ್ ಪ್ಯಾಂಟು ಸಾಕು. ಝೀರೋ ಕಣಿವೆ ಸಮುದ್ರ ಮಟ್ಟದಿಂದ 1,500 ಮೀಟರಿಗಿಂತ ಎತ್ತರದಲ್ಲಿದೆ. ರಾತ್ರಿ ಚಳಿ ಚೆನ್ನಾಗಿಯೇ ಹಿಡಿಯುತ್ತದೆ.

ಟೆಂಟನ್ನು ಹೊರಡುವ ಮೊದಲೇ ಒಮ್ಮೆ ಹಾಕಿ ನೋಡಿ. ಕಾಫಿ ಕಣದಲ್ಲಲ್ಲ, ಸಿಮೆಂಟಿಗೆ ಗೂಟ ಇಳಿಯಲ್ಲ. ಹಿತ್ತಲಲ್ಲಿ ಹಾಕಿ, ಪೈಪು ಹಿಡಿದು ನೀರು ಬಿಡಿ. ಎಲ್ಲಿ ಸೋರುತ್ತದೆ ಅಂತ ಮನೆಯಲ್ಲೇ ಗೊತ್ತಾಗಲಿ. ಕೊಳ್ಳುವುದಾದರೆ ಟೆಂಟಿನ ಚೀಟಿಯಲ್ಲಿ ಮಿಲಿಮೀಟರ್ ಲೆಕ್ಕ ಇರುತ್ತದೆ, ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತದೆ ಅಂತ. 3,000 ಇದ್ದರೆ ನೆಮ್ಮದಿ.

ಅಲ್ಲಿ ಹೋದ ಮೇಲೆ ಆತುರದಲ್ಲಿ ವೇದಿಕೆ ಹತ್ತಿರದ ಸಮತಟ್ಟು ಜಾಗಕ್ಕೆ ಬೀಳಬೇಡಿ. ಸಮತಟ್ಟು ಅಂದರೆ ಎಷ್ಟೋ ಸಲ ನೀರು ನಿಲ್ಲುವ ಜಾಗ. ಸ್ವಲ್ಪ ಏರಿರುವ ಕಡೆ ನೋಡಿ. ಟೆಂಟಿನ ಕೆಳಗೆ ಹಾಸುವ ಟಾರ್ಪಾಲ್ ಟೆಂಟಿಗಿಂತ ಸ್ವಲ್ಪ ಚಿಕ್ಕದಿರಬೇಕು. ದೊಡ್ಡದಾಗಿ ಹೊರಗೆ ಚಾಚಿದ್ದರೆ ಮಳೆನೀರನ್ನೆಲ್ಲ ಹಿಡಿದು ನಿಮ್ಮ ಬೆನ್ನ ಕೆಳಗೇ ತಂದು ನಿಲ್ಲಿಸುತ್ತದೆ. ನೈಲಾನ್ ಬಟ್ಟೆ ನೆನೆದಾಗ ಸಡಿಲವಾಗುತ್ತದೆ, ಸಂಜೆ ಒಮ್ಮೆ ಹಗ್ಗ ಬಿಗಿ ಮಾಡಿ. ಒಳಪದರ ಹೊರಪದರಕ್ಕೆ ತಾಗಬಾರದು. ಬೆಳಿಗ್ಗೆ ಒಳಗೆಲ್ಲ ಹನಿ ಕಂಡರೆ ಟೆಂಟನ್ನು ಬೈಯಬೇಡಿ. ರಾತ್ರಿಯೆಲ್ಲ ನೀವೇ ಬಿಟ್ಟ ಉಸಿರು ಅದು. ಚಳಿ ಅಂತ ಗಾಳಿಕಿಂಡಿ ಮುಚ್ಚಿದಷ್ಟೂ ಜಾಸ್ತಿ.

ಸುತ್ತ ಕಾಲುವೆ ತೋಡುವ ಬುದ್ಧಿ ನಮ್ಮವರಿಗೆ ಬೇಗ ಬರುತ್ತದೆ. ತೋಡಬೇಡಿ. 2012ರಲ್ಲಿ ಶುರುವಾದ ಈ ಉತ್ಸವ ನಡೆಯುವುದು ಅಪತಾನಿ ಜನರ ನೆಲದಲ್ಲಿ. ಅವರು ಭತ್ತದ ಗದ್ದೆಯಲ್ಲೇ ಮೀನನ್ನೂ ಸಾಕುತ್ತಾರೆ. ಬದುವಿನ ಬೆಲೆ ಗೊತ್ತಿರುವ ಜನ. ನಿಮ್ಮ ಊರಿನ ಗದ್ದೆಗೆ ಬಂದು ಯಾರೋ ಸನಿಕೆ ಹಾಕಿದರೆ ನಿಮ್ಮಪ್ಪ ಏನಂತಾರೆ?

ಇನ್ನು ಕಾಲು. ತೋಟಕ್ಕೆ ಹಾಕುವ ಕಪ್ಪು ಗಂಬೂಟೇ ಸಾಕು, ಸಾವಿರಾರು ರೂಪಾಯಿಯ ಟ್ರೆಕ್ಕಿಂಗ್ ಶೂ ಕೆಸರಲ್ಲಿ ಹಾಳು. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ದಿನವಿಡೀ ಒದ್ದೆಯಲ್ಲೇ ಇದ್ದರೆ ಕಾಲು ಬಿಳುಚಿ, ಜೋಮು ಹಿಡಿದು, ಊದಿಕೊಳ್ಳುತ್ತದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಕಾಡಿದ್ದು ಇದೇ ತೊಂದರೆ. ಬೂಟಿನೊಳಗೆ ನೀರು ಹೊಕ್ಕರೆ ಆಮೇಲೆ ನೋಡೋಣ ಅನ್ನಬೇಡಿ. ಬಿಚ್ಚಿ, ಒರೆಸಿ, ಕಾಲುಚೀಲ ಬದಲಿಸಿ. ರಾತ್ರಿ ಕಾಲಿಗೆ ಗಾಳಿಯಾಡಲಿ. ಬೂಟಿನೊಳಗೆ ಹಳೇ ಪೇಪರ್ ತುರುಕಿಡಿ, ತೇವ ಹೀರುತ್ತದೆ.

ನಾನು ಮಗಳ ಜೊತೆ ಹೋಗಿದ್ದಾಗ ಪಕ್ಕದ ಟೆಂಟಿನ ಹುಡುಗರು ಗಿಟಾರಿಗೆ ಮೂರು ಪದರ ಪ್ಲಾಸ್ಟಿಕ್ ಸುತ್ತಿದ್ದರು. ತಮ್ಮ ಹೊದಿಕೆಗೆ ಒಂದೂ ಇಲ್ಲ. ಮಧ್ಯರಾತ್ರಿ ನಮ್ಮ ಕಂಬಳಿ ಕೇಳಿಕೊಂಡು ಬಂದರು. ಕೊಟ್ಟೆ. ಬೆಳಿಗ್ಗೆ ಬಿದಿರಿನ ವೇದಿಕೆ ಎದುರು ಅದನ್ನೇ ಕೊಪ್ಪೆ ಹಾಕಿಕೊಂಡು ಕುಣಿಯುತ್ತಿದ್ದರು! ನನಗೆ ಕೋಪ ಬರಲಿಲ್ಲ, ಹಾಡು ಅಷ್ಟು ಚೆನ್ನಾಗಿತ್ತು.

ಅರುಣಾಚಲಕ್ಕೆ ಇನ್ನರ್ ಲೈನ್ ಪರ್ಮಿಟ್, ಅಂದರೆ ಹೊರರಾಜ್ಯದವರು ಒಳಗೆ ಹೋಗಲು ಸರ್ಕಾರ ಕೊಡುವ ಅನುಮತಿ ಪತ್ರ, ಬೇಕೇ ಬೇಕು. ಆನ್‌ಲೈನಿನಲ್ಲಿ ಮೊದಲೇ ಮಾಡಿಸಿಕೊಂಡು, ಪ್ರಿಂಟು ತೆಗೆದು ಇಟ್ಟುಕೊಳ್ಳಿ. ಮೊಬೈಲ್ ಮಳೆಯಲ್ಲಿ ಸತ್ತರೆ ಗೇಟಿನಲ್ಲಿ ಏನು ತೋರಿಸುತ್ತೀರಿ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಓದುತ್ತಿರುವ ಮಗಳು ಗ್ಲಾಸ್ಟನ್‌ಬರಿ ಅನ್ನುವ ಸಂಗೀತ ಜಾತ್ರೆಗೆ ಗೆಳತಿಯರ ಜೊತೆ ಹೋಗುತ್ತಾಳಂತೆ. ಹಳೇ ಫೋಟೋ ನೋಡಿದೆ, ಎಲ್ಲರೂ ಮೊಣಕಾಲವರೆಗೆ ಕೆಸರು. ದುಡ್ಡು ಕೊಟ್ಟು ಯಾಕೆ ಈ ಅವಸ್ಥೆ? ಕಳಿಸಬಹುದಾ?
— ಒಬ್ಬ ತಾಯಿ, ಆಲ್ದೂರು

ಉತ್ತರ: ಅಮ್ಮಾ, ಅವಳು ನಿಮ್ಮನ್ನು ಕೇಳಿದ್ದಾಳೆ ಅಂದರೆ ಟಿಕೆಟ್ ಆಗಲೇ ಆಗಿದೆ ಅಂತ ಲೆಕ್ಕ.

ಅದು ನಡೆಯುವುದು ಸಾಮರ್‌ಸೆಟ್‌ನ ಪಿಲ್ಟನ್ ಹಳ್ಳಿಯ ಒಂದು ಹೈನುಗಾರಿಕೆ ಫಾರಂನಲ್ಲಿ. ರೈತ ಮೈಕೆಲ್ ಈವಿಸ್ 1970ರಲ್ಲಿ ಶುರು ಮಾಡಿದಾಗ ಟಿಕೆಟಿಗೆ ಒಂದು ಪೌಂಡ್, ಜೊತೆಗೆ ಫಾರಂನ ಹಾಲು ಉಚಿತ. ಈಗ ಸುಮಾರು ಎರಡು ಲಕ್ಷ ಜನ ಸೇರುತ್ತಾರೆ. ಜೇಡಿಮಣ್ಣು, ಕಣಿವೆ, ಮೇಲಿಂದ ಮಳೆ. ನಾಟಿಗೆ ಮುಂಚೆ ನಾವು ಗದ್ದೆಯನ್ನು ತುಳಿಸಿ ನೀರು ಇಂಗದ ಹಾಗೆ ಮಾಡುತ್ತೇವಲ್ಲ, ಆ ಕೆಲಸವನ್ನು ಅಲ್ಲಿ ಜನರ ಕಾಲೇ ಮಾಡಿಬಿಡುತ್ತದೆ. 1997, 1998, 2016ರಲ್ಲಿ ಕೆಸರು ವಿಪರೀತ. ಆದರೆ ಪ್ರತಿವರ್ಷ ಹಾಗಲ್ಲ, 2023ರಲ್ಲಿ ಬಿಸಿಲಿಗೆ ಬಳಲಿದವರೇ ಜಾಸ್ತಿ. ನೆಲಕ್ಕೆ ಸುಧಾರಿಸಿಕೊಳ್ಳಲು ಕೆಲವು ವರ್ಷಕ್ಕೊಮ್ಮೆ ಜಾತ್ರೆಗೇ ರಜೆ ಕೊಡುತ್ತಾರೆ. 2018ರಲ್ಲಿ ಕೊಟ್ಟಿದ್ದರು. ನನಗೆ ಅವರ ಮೇಲೆ ಗೌರವ ಬಂದಿದ್ದೇ ಈ ಕಾರಣಕ್ಕೆ.

ಯಾಕೆ ಈ ಅವಸ್ಥೆ ಅಂದಿರಿ. ನಮ್ಮೂರಿನ ಜಾತ್ರೆಯಲ್ಲಿ ರಾತ್ರಿಯೆಲ್ಲ ಇಬ್ಬನಿಯಲ್ಲಿ ಕೂತು ಯಕ್ಷಗಾನ ನೋಡಿದವರು ನಾವು. ಅದಕ್ಕೆ ಕಾರಣ ಕೇಳಿದ್ದೆವಾ?

ಮಗಳಿಗೆ ಒಂದು ಮಾತು ಖಂಡಿತ ಹೇಳಿ. ಶೌಚಾಲಯದ ಸಾಲಿಗೆ ಹೆದರಿ ನೀರು ಕುಡಿಯುವುದನ್ನು ಬಿಡಬಾರದು. ಹೆಣ್ಣುಮಕ್ಕಳು ಎಲ್ಲ ಕಡೆ ಮಾಡುವುದು ಇದನ್ನೇ, ಆಮೇಲೆ ಉರಿಮೂತ್ರ ಅಂತ ಒದ್ದಾಡುವುದು. ಟಿಶ್ಯೂ, ಸ್ಯಾನಿಟೈಸರ್, ಪ್ಯಾಡ್ ಜೇಬಲ್ಲೇ ಇರಲಿ, ಟೆಂಟಿನಲ್ಲಲ್ಲ. ಕಾಲಲ್ಲಿ ಗಾಯ ಇದ್ದರೆ ನೀರು ಹೋಗದ ಪಟ್ಟಿ ಹಾಕಿ ಮುಚ್ಚಲಿ. ಅಷ್ಟು ಜನ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ. ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಅಂತ ಗೆಳತಿಯರು ಮೊದಲೇ ಮಾತಾಡಿಕೊಳ್ಳಲಿ. ನೀವೂ ಗಂಟೆಗೊಮ್ಮೆ ಫೋನ್ ಮಾಡಬೇಡಿ, ಬ್ಯಾಟರಿ ಉಳಿಯಲಿ. ರಾತ್ರಿ ಒಂದು ಮೆಸೇಜ್ ಹಾಕಿದರೆ ಸಾಕು ಅನ್ನಿ.

ಪ್ರಶ್ನೆ: ಬಾಡಿಗೆಗೆ ಕೊಟ್ಟಿದ್ದ ನನ್ನ ಟೆಂಟು ಕೆಸರು ಮೆತ್ತಿಕೊಂಡು ಮುಗ್ಗಲು ವಾಸನೆ ಹೊಡೆಯುತ್ತಾ ವಾಪಸ್ ಬಂದಿದೆ. ವಾಷಿಂಗ್ ಮೆಷಿನ್‌ಗೆ ಹಾಕಬಹುದಾ?
— ಹೋಂಸ್ಟೇ ನಡೆಸುವವರು, ಚಿಕ್ಕಮಗಳೂರು

ಉತ್ತರ: ಹಾಕಿದರೆ ಟೆಂಟಿನ ಮೇಲಿನ ಲೇಪ ಕಿತ್ತು ಬರುತ್ತದೆ. ಕೆಸರು ಪೂರ್ತಿ ಒಣಗಲಿ, ಮೆತ್ತನೆ ಬ್ರಷ್‌ನಿಂದ ಉದುರಿಸಿ. ಆಮೇಲೆ ತಣ್ಣೀರು, ಸ್ಪಂಜು, ತೀರಾ ಬೇಕಾದರೆ ಸ್ವಲ್ಪವೇ ಸ್ವಲ್ಪ ಸೋಪು. ನೆರಳಲ್ಲಿ ಒಣಗಿಸಿ, ಬಿಸಿಲು ಬಟ್ಟೆಯನ್ನು ಸವೆಸುತ್ತದೆ. ಮಳೆಗಾಲ ಅಂತೀರಾ? ಕಾರ್ ಶೆಡ್ಡಿನಲ್ಲಿ ಹಗ್ಗ ಕಟ್ಟಿ ಹರವಿ, ಫ್ಯಾನ್ ಹಾಕಿ, ದಿನಕ್ಕೊಮ್ಮೆ ಮಗುಚಿ. ಹೊಲಿಗೆ, ಮೂಲೆ ಕೊನೆಗೆ ಒಣಗುವುದು, ಅಲ್ಲಿ ಕೈಯಿಟ್ಟು ನೋಡಿ. ತೇವ ಇರುವಾಗಲೇ ಮಡಚಿಟ್ಟರೆ ಲೇಪ ಅಂಟಂಟಾಗಿ ಸುಲಿಯುತ್ತದೆ, ಆಮೇಲೆ ರಿಪೇರಿ ಇಲ್ಲ. ಮುಂದಿನ ಸಲ ಬಾಡಿಗೆ ಕೊಡುವಾಗ ಡೆಪಾಸಿಟ್ ತಗೊಳ್ಳಿ.