ವಾರಂಟಿಯಲ್ಲಿ ಹೊಡೆದ ಬಣ್ಣ ಸರಿಯಿಲ್ಲದಿದ್ದರೆ: ಹಾಸನದಿಂದ ಬ್ರಿಟನ್ನಿಗೆ ಬಂದವರೊಬ್ಬರಿಗೆ ಉತ್ತರ

ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ, ಓದುವ ಬೇರೆಯವರಿಗೂ ವಿಷಯ ಗೊತ್ತಾಗಲಿ. ನೀವು ಹಾಸನದಿಂದ ಬ್ರಿಟನ್ನಿಗೆ ಬಂದು ಐದು ತಿಂಗಳಾಗಿದೆ. ಬಂದ ಹೊಸತರಲ್ಲೇ ಬೆಳ್ಳಿ ಬಣ್ಣದ ಹೊಸ ಕಾರನ್ನು ಪಿಸಿಪಿ ಸಾಲದ ಮೇಲೆ (ತಿಂಗಳ ಕಂತು ಕಟ್ಟುತ್ತಾ ಹೋಗಿ, ಕೊನೆಗೆ ಒಂದು ದೊಡ್ಡ ಮೊತ್ತ ಕಟ್ಟಿದರೆ ಮಾತ್ರ ಕಾರು ನಿಮ್ಮದಾಗುವ ಸಾಲ) ತೆಗೆದುಕೊಂಡಿರಿ. ಎರಡು ತಿಂಗಳಿಗೆ ಬಾನೆಟ್ಟಿನ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿತು. ಡೀಲರ್ ಕಡೆಯವರು ವಾರಂಟಿಯಲ್ಲಿ ಬಾನೆಟ್ಟಿಗೆ ಬಣ್ಣ ಹೊಡೆಸಿಕೊಟ್ಟರು. ಈಗ ಬಾನೆಟ್ ಒಂದು ಬಣ್ಣ, ಪಕ್ಕದ ಫೆಂಡರ್ ಇನ್ನೊಂದು ಬಣ್ಣ. ಕೈಯಾಡಿಸಿದರೆ ರವೆ ರವೆ. ಕೇಳಿದರೆ ‘ತಂದು ಬಿಡಿ, ಪಾಲಿಶ್ ಹೊಡೆದು ಕೊಡುತ್ತೇವೆ’ ಅನ್ನುತ್ತಿದ್ದಾರೆ. ಊರಲ್ಲಾಗಿದ್ದರೆ ಅಪ್ಪನ ಪರಿಚಯದವರನ್ನು ಕರೆದುಕೊಂಡು ಬಿ.ಎಂ. ರಸ್ತೆಯ ಶೋರೂಮಿಗೆ ಹೋಗಿ ಕೂತು ಮಾತಾಡಿ ಮುಗಿಸುತ್ತಿದ್ದೆವು, ಇಲ್ಲಿ ಯಾರನ್ನು ಹಿಡಿಯಬೇಕು, ಜಾಸ್ತಿ ಕೇಳಿದರೆ ಜಗಳಗಂಟ ಅನ್ನಿಸಿಕೊಳ್ಳುತ್ತೇನಾ ಅಂತ ಬರೆದಿದ್ದೀರಿ.

ಯಾರನ್ನೂ ಹಿಡಿಯಬೇಕಾಗಿಲ್ಲ. ಬರೆದು ಕೇಳುವುದನ್ನು ಇಲ್ಲಿ ಯಾರೂ ಜಗಳ ಅಂದುಕೊಳ್ಳುವುದಿಲ್ಲ. ಬಾಯಿಮಾತಿಗೆ ಮಾತ್ರ ಬೆಲೆಯಿಲ್ಲ, ಎಷ್ಟೇ ನಯವಾಗಿ ಆಡಿದರೂ, ಎಷ್ಟೇ ಜೋರಾಗಿ ಆಡಿದರೂ. ಒಂದು ಸಂಗತಿಯನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ: ಇಲ್ಲಿನ ಕಾನೂನಿನಲ್ಲಿ ಮಾರಿದವರಿಗೆ ರಿಪೇರಿಗೆ ಸಿಗುವುದು ಒಂದೇ ಅವಕಾಶ. ಅದು ಕೆಟ್ಟರೆ ಮುಂದೇನು ಅನ್ನುವುದನ್ನು ತೀರ್ಮಾನಿಸುವವರು ನೀವು. ‘ಪಾಲಿಶ್ ಹೊಡೆದು ಕೊಡುತ್ತೇವೆ’ ಅನ್ನುವ ಮಾತಿಗೆ ಹೂಂ ಅಂದರೆ ಆ ತೀರ್ಮಾನವನ್ನು ನೀವಾಗಿಯೇ ಅವರ ಕೈಗೆ ವಾಪಸ್ ಕೊಟ್ಟ ಹಾಗೆ.

ಆ ಕಾನೂನು 2015ರ ಕನ್ಸ್ಯೂಮರ್ ರೈಟ್ಸ್ ಆ್ಯಕ್ಟ್. ವಸ್ತು ತೃಪ್ತಿಕರ ಗುಣಮಟ್ಟದ್ದಾಗಿರಬೇಕು ಅಂತ ಹೇಳುವಾಗ ಅದು ನೋಟ, ಫಿನಿಶ್, ಸಣ್ಣಪುಟ್ಟ ದೋಷವೂ ಇಲ್ಲದಿರುವುದು, ಬಾಳಿಕೆ ಇವಿಷ್ಟನ್ನೂ ಹೆಸರಿಸಿಯೇ ಹೇಳುತ್ತದೆ. ಹಾಗಾಗಿ ‘ಬರೀ ನೋಟದ ವಿಷಯ, ಗಾಡಿ ಓಡುವುದಕ್ಕೇನೂ ತೊಂದರೆ ಇಲ್ಲವಲ್ಲ’ ಅನ್ನುವ ಮಾತು ಹೊಸ ಕಾರಿನ ಮಟ್ಟಿಗೆ ನಿಲ್ಲುವುದಿಲ್ಲ. ಕೊಂಡ ಆರು ತಿಂಗಳೊಳಗೆ ಕಾಣಿಸಿದ ದೋಷ ಕೊಟ್ಟ ದಿನವೇ ಇತ್ತು ಅಂತಲೇ ಲೆಕ್ಕ. ಇರಲಿಲ್ಲ ಅಂತ ಸಾಬೀತು ಮಾಡಬೇಕಾದವರು ಅವರು. ಒಂದು ರಿಪೇರಿ ಆದ ಮೇಲೂ ಸರಿಹೋಗದಿದ್ದರೆ ಬೆಲೆಯಲ್ಲಿ ಕಡಿತ ಕೇಳಬಹುದು, ಇಲ್ಲವೇ ಕಾರನ್ನೇ ವಾಪಸ್ ಕೊಡಬಹುದು. ವಾಪಸ್ ಕೊಟ್ಟರೆ ಓಡಿಸಿದ್ದಕ್ಕೆ ಒಂದಿಷ್ಟು ಹಣ ಮುರಿದುಕೊಳ್ಳುತ್ತಾರೆ. ಬೇರೆ ವಸ್ತುಗಳಿಗೆ ಮೊದಲ ಆರು ತಿಂಗಳು ಈ ಮುರಿತ ಇಲ್ಲ, ಕಾರಿಗೆ ಮಾತ್ರ ಉಂಟು. ಕೊಂಡ 30 ದಿನದೊಳಗೇ ದೋಷ ಕಂಡವರಿಗೆ ರಿಪೇರಿಯ ಗೊಡವೆಯೇ ಇಲ್ಲದೆ ನೇರ ವಾಪಸ್ ಕೊಡುವ ಹಕ್ಕಿದೆ. ನಿಮಗೆ ಆ ಅವಧಿ ದಾಟಿದೆ. ಇದನ್ನು ಓದುವ ಬೇರೆಯವರು ನೆನಪಿಟ್ಟುಕೊಳ್ಳಲಿ. ಆ 30 ದಿನದೊಳಗೆ ರಿಪೇರಿಗೆ ಬಿಟ್ಟರೆ ಅಷ್ಟು ಕಾಲ ದಿನದ ಎಣಿಕೆ ನಿಲ್ಲುತ್ತದೆ. ಕಾರು ಕೈಗೆ ಬಂದ ಮೇಲೆ ಉಳಿದ ದಿನ ಅಥವಾ 7 ದಿನ, ಯಾವುದು ಹೆಚ್ಚೋ ಅದು ಸಿಗುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ವಾರಂಟಿ ಅನ್ನುವುದು ಕಾರು ತಯಾರಿಸಿದ ಕಂಪನಿಯ ಮಾತು. ಕಾನೂನಿನ ಹೊಣೆ ಮಾರಿದವರದು. ‘ಅದು ಕಂಪನಿಯ ವಾರಂಟಿ ಕೆಲಸ, ಅವರನ್ನೇ ಕೇಳಿ’ ಅಂತ ಡೀಲರ್, ‘ಡೀಲರನ್ನು ಕೇಳಿ’ ಅಂತ ಕಂಪನಿ, ಹೀಗೆ ಅಲೆಸುವುದು ಹೊಸದಾಗಿ ಬಂದವರಿಗೆ ಆಗುವ ದೊಡ್ಡ ತೊಂದರೆ. ಮಾರಿದ ಡೀಲರ್ ಬಳಿಯೇ ರಿಪೇರಿ ಕೇಳಿದ್ದೀರಿ, ಅವರೇ ಮಾಡಿಸಿದ್ದಾರೆ ಅನ್ನುವುದು ಬರವಣಿಗೆಯಲ್ಲಿ ಇರಲಿ. ಬೇರೆ ಊರಿನ ಡೀಲರ್ ಹತ್ತಿರ ಮಾಡಿಸಿದ್ದರೆ, ಅದು ನಮ್ಮ ರಿಪೇರಿಯೇ ಅಲ್ಲ ಅಂತ ವಾದಿಸುವುದಕ್ಕೆ ಮಾರಿದವರಿಗೆ ಎಡೆ ಸಿಗುತ್ತದೆ. ಮತ್ತೆ ನಿಮ್ಮದು ಪಿಸಿಪಿ. ಸಾಲ ತೀರುವವರೆಗೆ ಕಾರಿನ ಒಡೆತನ ಫೈನಾನ್ಸ್ ಕಂಪನಿಯದು, ನಿಮಗೆ ಕಾರು ಒದಗಿಸಿದವರೂ ಕಾನೂನಿನ ಕಣ್ಣಿಗೆ ಅವರೇ. ಆದ್ದರಿಂದ ಪ್ರತಿ ಪತ್ರವೂ ಇಬ್ಬರಿಗೂ ಹೋಗಲಿ.

ಈಗ ಕಾರಿನ ಹತ್ತಿರ ಬನ್ನಿ. ಏನು ಕೆಟ್ಟಿದೆ ಅಂತ ಹೆಸರು ಹಿಡಿದು ಹೇಳುವವರ ಮಾತಿಗೆ ತೂಕ ಬರುತ್ತದೆ.

ಒದ್ದೆ ಕಾರನ್ನು ನೋಡಬೇಡಿ, ನೀರು ಎಲ್ಲ ದೋಷವನ್ನೂ ಮುಚ್ಚುತ್ತದೆ. ತೊಳೆದು, ಒರೆಸಿ, ಹಗಲು ಬೆಳಕಿನಲ್ಲಿ ನಿಲ್ಲಿಸಿ. ಬೆಳ್ಳಿ ಬಣ್ಣದಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಬಣ್ಣ ಎರಚುವ ಗನ್ನಿನ ಗಾಳಿ ಒತ್ತಡ, ದೂರ, ಪದರ ಎಷ್ಟು ಒದ್ದೆಯಾಗಿ ಬಿತ್ತು ಅನ್ನುವುದರ ಮೇಲೆ ಆ ಚೂರುಗಳು ಮಲಗುವ ರೀತಿ ಬದಲಾಗುತ್ತದೆ. ಅದಕ್ಕೇ ಎದುರಿನಿಂದ ಸರಿಯಾಗಿ ಕಾಣುವ ಬಾನೆಟ್ ಓರೆಯಿಂದ ನೋಡಿದಾಗ ಕಪ್ಪಾಗಿಯೋ ಬೆಳ್ಳಗೋ ಕಾಣುತ್ತದೆ. ಎದುರಿನಿಂದ, ಓರೆಯಿಂದ, ಬಿಸಿಲಲ್ಲಿ, ಮೋಡದಲ್ಲಿ ಬೇರೆ ಬೇರೆ ಫೋಟೋ ತೆಗೆಯಿರಿ. ಪ್ರತಿಯೊಂದರಲ್ಲೂ ಬಾನೆಟ್ ಮತ್ತು ಫೆಂಡರ್ ಎರಡೂ ಇರಲಿ. ಬಲ್ಲ ಪೇಂಟರ್ ಬೆಳ್ಳಿ ಬಣ್ಣದ ಬಾನೆಟ್ಟನ್ನು ಒಂಟಿಯಾಗಿ ಹೊಡೆಯುವುದಿಲ್ಲ. ಮೊದಲು ಒಂದು ಕಾರ್ಡಿನ ಮೇಲೆ ಹೊಡೆದು ಕಾರಿಗೆ ಹಿಡಿದು ನೋಡುತ್ತಾನೆ, ಯಾಕೆಂದರೆ ಒಂದೇ ಪೇಂಟ್ ಕೋಡಿಗೆ ಹಲವು ಛಾಯೆಗಳಿರುತ್ತವೆ. ಆಮೇಲೆ ಬಣ್ಣವನ್ನು ಎರಡೂ ಫೆಂಡರ್‌ಗಳ ಮೇಲೆ ಸ್ವಲ್ಪ ದೂರ ತೆಳುವಾಗಿಸುತ್ತಾ ಹೋಗಿ ಹಳೆಯ ಬಣ್ಣದಲ್ಲಿ ಬೆರೆಸಿ, ಪೂರ್ತಿ ಫೆಂಡರಿಗೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಹೊಡೆಯುತ್ತಾನೆ. ನಿಮ್ಮ ಕಾರಿನಲ್ಲಿ ಈ ಕೆಲಸ ಬಿಟ್ಟುಹೋಗಿರುವಂತೆ ಕಾಣುತ್ತದೆ. ಇದನ್ನು ಯಾವ ಪಾಲಿಶ್ಶೂ ಸರಿಮಾಡುವುದಿಲ್ಲ.

ಇನ್ನು ಆ ರವೆ. ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಬೆರಳಿಟ್ಟು ಮೆಲ್ಲಗೆ ಸವರಿ ನೋಡಿ, ಬರಿಗೈಗಿಂತ ಚೆನ್ನಾಗಿ ತಿಳಿಯುತ್ತದೆ. ಅಲ್ಲೊಂದು ಇಲ್ಲೊಂದು ಧೂಳಿನ ಕಣ ಸಿಕ್ಕಿಕೊಂಡಿದ್ದರೆ 2000 ಅಥವಾ 3000 ನಂಬರಿನ ನಯವಾದ ಉಜ್ಜುಕಾಗದದಲ್ಲಿ ಆ ಚುಕ್ಕೆಯನ್ನಷ್ಟೇ ಉಜ್ಜಿ ಪಾಲಿಶ್ ಮಾಡಿದರೆ ಹೋಗುತ್ತದೆ. ಅಷ್ಟಕ್ಕೆ ಒಪ್ಪಿಕೊಳ್ಳುವುದು ನ್ಯಾಯ. ಬಾನೆಟ್ ತುಂಬ ಇದ್ದರೆ ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಕೊಳಕಾಗಿತ್ತು ಅಂತ ಅರ್ಥ. ಸೂಜಿಮೊನೆಯಷ್ಟು ತೂತುಗಳು ಕಂಡರೆ ಅದು ಬೇರೆ ಕಥೆ: ಪದರಗಳ ನಡುವೆ ಒಣಗಲು ಬಿಡದೆ ಹೊಡೆದಾಗ ಬಣ್ಣ ಕರಗಿಸಿದ ಸಾಲ್ವೆಂಟ್ ಕೆಳಗೆ ಸಿಕ್ಕಿಕೊಂಡು, ಬಿಸಿ ಮಾಡಿದಾಗ ಒಡೆದು ಹೊರಬರುತ್ತದೆ. ಅದನ್ನು ಉಜ್ಜಿ ತೆಗೆದು ಮತ್ತೆ ಹೊಡೆಯದೆ ದಾರಿಯಿಲ್ಲ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ, ಸಕಲೇಶಪುರದ ಮಳೆಯಲ್ಲಿ ನಿಂತ ಗಾಡಿಗೂ ಇಲ್ಲದ ಕಾಟ ಅದು. ಪದರ ಹಿಡಿಯದ ಕಡೆ ಉಪ್ಪುನೀರು ಒಳಗಿಳಿಯುತ್ತದೆ.

ಹೊಳಪು ಮಂಕಾಗಿದೆ ಅಂದಿರಿ. ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳಪದರ) ಪೂರ್ತಿ ಒಣಗುವ ಮೊದಲೇ ಮೇಲಿನ ಪದರ ಹೊಡೆದರೆ, ವಾರಗಳ ಮೇಲೆ ಅದು ಕುಗ್ಗಿ, ಕೆಳಗಿನ ಉಜ್ಜುಗೆರೆಗಳು ಮೇಲೆ ಕಾಣಿಸಿಕೊಳ್ಳುತ್ತವೆ. ಕಾರ್ಖಾನೆಯಲ್ಲಿ ಬರೀ ಬಾಡಿಯನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ವರ್ಕ್‌ಶಾಪಿನಲ್ಲಿ ವೈರು, ಪ್ಲಾಸ್ಟಿಕ್ ಎಲ್ಲ ಇರುವುದರಿಂದ 60 ಡಿಗ್ರಿ ಆಸುಪಾಸು ಅಷ್ಟೇ. ಪೂರ್ತಿ ಗಟ್ಟಿಯಾಗಲು ಹೆಚ್ಚು ಕಾಲ ಬೇಕು. ಆದ್ದರಿಂದ ಕಾರು ತೆಗೆದುಕೊಂಡ ದಿನದ ಫೋಟೋ ಸಾಲದು, ನಾಲ್ಕು ವಾರದ ಮೇಲೆ ಅದೇ ಜಾಗದಿಂದ ಇನ್ನೊಮ್ಮೆ ತೆಗೆಯಿರಿ. ಅಲ್ಲಿಯವರೆಗೆ ಬ್ರಶ್ ಇರುವ ಕಾರ್ ವಾಶ್, ವ್ಯಾಕ್ಸ್, ಸೆರಾಮಿಕ್ ಲೇಪ ಯಾವುದೂ ಬೇಡ. ಕೊಳ್ಳುವಾಗ ‘ಪೇಂಟ್ ಪ್ರೊಟೆಕ್ಷನ್’ ಅಂತ ದುಡ್ಡು ಕೊಟ್ಟಿದ್ದರೆ ಹೊಸ ಬಾನೆಟ್ಟಿಗೆ ಅದನ್ನು ಪುಕ್ಕಟೆ ಹಾಕಿಕೊಡಬೇಕು ಅಂತಲೂ ಬರೆಯಿರಿ.

ಬಣ್ಣದ ದಪ್ಪ ಅಳೆಯುವ ಮೀಟರ್ ಒಂದನ್ನು ಕೊಳ್ಳಿ ಅಥವಾ ಎರವಲು ತನ್ನಿ. ಅಗ್ಗದ್ದೇ ಸಾಕು, ಆದರೆ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ಅಳೆಯಬೇಕು. ಪ್ಲಾಸ್ಟಿಕ್ ಬಂಪರಿನ ಮೇಲೆ ಅದು ಕೆಲಸ ಮಾಡುವುದಿಲ್ಲ. ಜೊತೆಗೆ ಕೊಟ್ಟ ತಗಡಿನ ಮೇಲಿಟ್ಟು ಸೊನ್ನೆ ಮಾಡಿಕೊಂಡು, ಬಾನೆಟ್ಟನ್ನು ಮೂರು ಸಾಲು ಮೂರು ಜಾಗ ಅಂತ ಒಂಬತ್ತು ಕಡೆ ಅಳೆಯಿರಿ, ಹಾಗೆಯೇ ಬಣ್ಣ ಹೊಡೆಯದ ಬಾಗಿಲುಗಳನ್ನೂ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಅದರ ಮೇಲೇ ಇನ್ನೊಮ್ಮೆ ಹೊಡೆದರೆ 200ರಿಂದ 300. ಐನೂರು ದಾಟಿದರೆ ಕೆಳಗೆ ಪುಟ್ಟಿ ಇರುವ ಸಾಧ್ಯತೆ ಹೆಚ್ಚು. ಗುಳ್ಳೆ ಎದ್ದ ಜಾಗದಲ್ಲಿ ಲೋಹದವರೆಗೆ ಕೆರೆದು ಮಾಡಿದ್ದರೆ ಅಲ್ಲಿನ ಅಂಕಿ ಉಳಿದ ಕಡೆಗಿಂತ ಬೇರೆ ಇರಬೇಕು. ಎಲ್ಲೆಡೆ ಒಂದೇ ಸಮ 280 ಬಂದರೆ ಹಳೆಯ ಪದರದ ಮೇಲೇ ಹೊಡೆದಿದ್ದಾರೆ ಅನ್ನುವ ಅನುಮಾನ ಇಟ್ಟುಕೊಳ್ಳಿ, ಗುಳ್ಳೆ ಮತ್ತೆ ಏಳುತ್ತದೆ. ನಿಮ್ಮ ಬಾನೆಟ್ ಅಲ್ಯೂಮಿನಿಯಂ ಆಗಿದ್ದರೆ ಇನ್ನೊಂದು ಅಪಾಯ: ಕಬ್ಬಿಣ ಉಜ್ಜಿದ ಗ್ರೈಂಡರನ್ನೇ ಅದಕ್ಕೂ ಬಳಸಿದರೆ, ಒಳಗೆ ಹೊಕ್ಕ ಕಬ್ಬಿಣದ ಕಣಗಳ ಸುತ್ತ ಲೋಹ ಕೊರೆದು ಬಣ್ಣ ಉಬ್ಬುತ್ತದೆ. ಅಲ್ಯೂಮಿನಿಯಂ ಕೆಲಸಕ್ಕೆ ಬೇರೆಯೇ ಉಪಕರಣ ಇದೆಯೇ ಅಂತ ಕೇಳಲೇಬೇಕು.

ಪಾಲಿಶ್ ಯಾಕೆ ಬೇಡ ಅಂತ ಈಗ ನಿಮಗೇ ತಿಳಿದಿರಬೇಕು. ಬಿಸಿಲು ತಡೆಯುವ ಕ್ಲಿಯರ್ ಕೋಟ್ ಇರುವುದೇ ಸುಮಾರು 40-50 ಮೈಕ್ರಾನ್. ಮೇಲಿಂದ ಮೇಲೆ ಮೆಷಿನ್ ಹಿಡಿದು ಕೆರೆದರೆ ಅದು ತೆಳುವಾಗುತ್ತದೆ, ಇವತ್ತು ಹೊಳೆದು ಕೆಲವು ವರ್ಷಕ್ಕೆ ಸುಲಿಯುತ್ತದೆ. ಆಗ ನಿಮ್ಮ ಪೇಂಟ್ ವಾರಂಟಿಯೂ ಮುಗಿದಿರುತ್ತದೆ, ಬಹಳಷ್ಟು ಕಂಪನಿಗಳದು 3 ವರ್ಷ.

ಮುಂದಿನ ಸಲ ಯಾವ ಕಾಗದಕ್ಕೂ ‘ತೃಪ್ತಿಯಾಗಿದೆ’ ಅಂತ ಸಹಿ ಹಾಕಬೇಡಿ. ಸಹಿಯ ಮೇಲೆ ‘ಕಲೆಕ್ಟೆಡ್, ಪೇಂಟ್ ರಿಪೇರ್ ನಾಟ್ ಅಕ್ಸೆಪ್ಟೆಡ್’ (ಕಾರು ತೆಗೆದುಕೊಂಡಿದ್ದೇನೆ, ಬಣ್ಣದ ರಿಪೇರಿ ಒಪ್ಪಿಲ್ಲ) ಅಂತ ಬರೆದು ಫೋಟೋ ತೆಗೆದುಕೊಳ್ಳಿ.

ಇಮೇಲ್ ಚಿಕ್ಕದಾಗಿರಲಿ. ಕೊಂಡ ದಿನಾಂಕ, ಗುಳ್ಳೆ ಕಂಡ ದಿನಾಂಕ, ರಿಪೇರಿಗೆ ಬಿಟ್ಟ ಮತ್ತು ತಂದ ದಿನಾಂಕ, ಈಗಿನ ದೋಷಗಳು, ಅಳತೆ, ಫೋಟೋ. 2015ರ ಕಾನೂನಿನಡಿ ಒಂದು ರಿಪೇರಿ ಆಗಿದೆ, ಕಾರು ಇನ್ನೂ ಸರಿಹೋಗಿಲ್ಲ ಅನ್ನುವ ಒಂದು ವಾಕ್ಯ. ನಿಮಗೆ ಏನು ಬೇಕು, ಯಾವ ದಿನದೊಳಗೆ. 14 ದಿನ ಕೊಡಿ. ಜೊತೆಗೆ ಈ ದಾಖಲೆ ಕೇಳಿ: ಜಾಬ್ ಕಾರ್ಡ್, ಕೆಲಸ ಮಾಡಿದ ಬಾಡಿಶಾಪ್ ಯಾವುದು, ಅದಕ್ಕೆ ಬಿ.ಎಸ್. 10125 (ಕಾರಿನ ಬಾಡಿ ರಿಪೇರಿಗೆ ಇಲ್ಲಿರುವ ಗುಣಮಟ್ಟದ ಮಾನದಂಡ) ಪ್ರಮಾಣಪತ್ರ ಇದೆಯೇ, ಬಳಸಿದ ಪೇಂಟ್ ಕೋಡ್ ಮತ್ತು ಛಾಯೆ, ಮೊದಲು ಮತ್ತು ನಂತರದ ದಪ್ಪದ ಅಳತೆ. ಹೆಚ್ಚಿನ ಡೀಲರ್‌ಗಳು ಬಣ್ಣದ ಕೆಲಸವನ್ನು ಹೊರಗೆ ಕೊಡುತ್ತಾರೆ. ಈ ಪ್ರಶ್ನೆಗಳು ಹೋದ ಮೇಲೆ ಮಾತಿನ ಧಾಟಿ ಸಾಮಾನ್ಯವಾಗಿ ಬದಲಾಗುತ್ತದೆ.

ಏನು ಕೇಳಬೇಕು? ಬಾನೆಟ್ ಬಿಚ್ಚಿ ಬದಲಾಯಿಸಬಹುದಾದ ಭಾಗ. ಹಾಗಾಗಿ ನಿಮ್ಮ ಸಂದರ್ಭದಲ್ಲಿ ಕಾರು ವಾಪಸ್ ಕೊಡುವ ಮೊದಲು, ಒಳ್ಳೆಯ ಸ್ವತಂತ್ರ ಬಾಡಿಶಾಪಿನಿಂದ ಬರವಣಿಗೆಯಲ್ಲಿ ಅಂದಾಜು ತರಿಸಿ, ಆ ಮೊತ್ತಕ್ಕೆ ಮರುಮಾರಾಟದಲ್ಲಿ ಬೀಳುವ ನಷ್ಟವನ್ನೂ ಸೇರಿಸಿ ಬೆಲೆ ಕಡಿತ ಕೇಳುವುದು ನನ್ನ ಸಲಹೆ. ಕೆಲಸ ಎಲ್ಲಿ ಮಾಡಿಸಿದರೂ ವಾರಂಟಿ ಉಳಿಯುತ್ತದೆ ಅಂತ ಮೊದಲು ಕಂಪನಿಯಿಂದ ಬರೆಸಿಕೊಳ್ಳಿ. ರೂಫ್ ಅಥವಾ ಹಿಂದಿನ ಕ್ವಾರ್ಟರ್ ಪ್ಯಾನೆಲ್ (ಹಿಂದಿನ ಚಕ್ರದ ಮೇಲಿನ ಬದಿಯ ತಗಡು) ಆಗಿದ್ದರೆ ವಾಪಸ್ಸೇ ಕೊಡಿ ಅನ್ನುತ್ತಿದ್ದೆ. ಅವು ಬೆಸುಗೆ ಹಾಕಿದ ಭಾಗಗಳು, ಕ್ಲಿಯರ್ ಕೋಟನ್ನು ರೂಫ್ ಹೊರುವ ಕಂಬದ ನಡುವೆ ಎಲ್ಲೋ ಕರಗಿಸಿ ನಿಲ್ಲಿಸಿರುತ್ತಾರೆ, ಆ ಗೆರೆಯಿಂದಲೇ ಮುಂದೆ ಸುಲಿಯುತ್ತದೆ. ಬಂಪರಿಗೆ ಬಣ್ಣ ಹೊಡೆದಿದ್ದರೆ ಅದರ ಹಿಂದಿರುವ, ಮುಂದಿನ ಗಾಡಿಯ ದೂರ ಗುರುತಿಸುವಂಥ ರೇಡಾರ್‌ನ ಪರೀಕ್ಷೆ ಆಗಿದೆಯೇ ಅಂತ ಕೇಳಬೇಕು, ದಪ್ಪ ಮೆಟಾಲಿಕ್ ಬಣ್ಣ ಅದರ ಅಲೆಗೆ ಅಡ್ಡ ಬರುತ್ತದೆ.

ಯಾವ ಕಾರಣಕ್ಕೂ ಸಾಲದ ಕಂತು ನಿಲ್ಲಿಸಬೇಡಿ. ಕ್ರೆಡಿಟ್ ದಾಖಲೆ ಕೆಟ್ಟರೆ ನಾಳೆ ಬಾಡಿಗೆ ಮನೆಗೂ ತೊಂದರೆ, ಹೊಸದಾಗಿ ಬಂದವರಿಗೆ ಅದು ಕಾರಿಗಿಂತ ದೊಡ್ಡದು. ರಿಪೇರಿ ಕಾಲಕ್ಕೆ ಬದಲಿ ಕಾರು ಕೇಳಿ. ಭಾರತದ ಲೈಸೆನ್ಸಿನಲ್ಲಿ ಇಲ್ಲಿ 12 ತಿಂಗಳು ಓಡಿಸಬಹುದಾದರೂ ಬದಲಿ ಕಾರಿನ ವಿಮೆಯವರು ಕೆಲವೊಮ್ಮೆ ಒಪ್ಪುವುದಿಲ್ಲ, ಮುಂಚೆಯೇ ವಿಚಾರಿಸಿ.

ಫೈನಾನ್ಸ್ ಕಂಪನಿಗೆ ದೂರು ಅಂತಲೇ ಹೆಸರಿಟ್ಟು ಬರೆದರೆ ಅವರಿಗೆ ಉತ್ತರಿಸಲು 8 ವಾರ. ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಫೈನಾನ್ಷಿಯಲ್ ಒಂಬುಡ್ಸ್‌ಮನ್ ಸೇವೆಗೆ (ಹಣಕಾಸು ಕಂಪನಿಗಳ ಮೇಲಿನ ದೂರು ತೀರ್ಮಾನಿಸುವ ಸ್ವತಂತ್ರ ಸಂಸ್ಥೆ) ಹೋಗಿ, ಖರ್ಚಿಲ್ಲ. ಕೊನೆಯ ಉತ್ತರ ಬಂದ 6 ತಿಂಗಳೊಳಗೆ ಹೋಗಬೇಕು. ಸಾಲವಿಲ್ಲದೆ ಕೊಂಡವರು, ಡೀಲರ್ ಸದಸ್ಯರಾಗಿದ್ದರೆ, ವಾಹನ ವ್ಯವಹಾರದ ದೂರು ನೋಡುವ ಮೋಟಾರ್ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕಾರಿನ ಬೆಲೆ 30,000 ಪೌಂಡ್ ಮೀರದೆ, ಒಂದಿಷ್ಟನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ 1974ರ ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟಿನ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕಂಪನಿಯೂ ಹೊಣೆ.

ಹಾಸನದಲ್ಲಿ ನಿಮ್ಮ ತಮ್ಮ ಹೊಸ ಕಾರು ಬುಕ್ ಮಾಡಿದ್ದಾರೆ, ಅಲ್ಲಿ ಏನು ಮಾಡಬೇಕು ಅಂತಲೂ ಕೇಳಿದ್ದಿರಿ. ಅಲ್ಲಿ ‘ಒಂದೇ ರಿಪೇರಿ’ ಅನ್ನುವ ಸೂತ್ರ ಇಲ್ಲ. ಹಾಗಾಗಿ ರಿಜಿಸ್ಟ್ರೇಶನ್‌ಗೆ ಮೊದಲೇ, ಚಾಸಿ ನಂಬರ್ ಗುರುತು ಹಾಕಿಕೊಂಡು, ಮೀಟರ್ ಹಿಡಿದು ಕಾರನ್ನು ನೋಡಲಿ. ನಂಬರ್ ಬಿದ್ದ ಮೇಲೆ ಬೇರೆ ಕಾರು ಕೊಡಿ ಅನ್ನುವುದು ಬಹಳ ಕಷ್ಟ. ಆಮೇಲೆ ದೋಷ ಬಂದರೆ ಲಿಖಿತ ದೂರು, 1915 ಗ್ರಾಹಕ ಸಹಾಯವಾಣಿ, ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹಾಸನದ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗಿನ ದೂರು ಅಲ್ಲೇ ನಡೆಯುತ್ತದೆ, 5 ಲಕ್ಷದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ಶೋರೂಮ್ ಬೆಂಗಳೂರಿನದಾದರೂ ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು.