ಬಾಗೇಪಲ್ಲಿಯ ಕೆರೆಗಳ ಬಗ್ಗೆ ಹಳೆಯ ಸರ್ಕಾರಿ ವರದಿಗಳು ಎಲ್ಲಿ ಸಿಗುತ್ತವೆ?

ಬಾಗೇಪಲ್ಲಿ ಕಡೆಯ ಕೆರೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದೀರಿ. 1960ರಿಂದ 80ರವರೆಗಿನ ಸರ್ಕಾರಿ ವರದಿಗಳು ಜಿಲ್ಲಾ ಗ್ರಂಥಾಲಯದಲ್ಲಿ ಏಕಿಲ್ಲ, ಅವನ್ನು ಕೂಡಿಡಬೇಕೆಂಬ ಕಾನೂನೇ ಇಲ್ಲವೇ ಎಂದು ಕೇಳಿದ್ದೀರಿ. ಕೋಲಾರದ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದು ನಿವೃತ್ತನಾದವನು ನಾನು. ಕಾನೂನು ಇದೆ. ಅದರಲ್ಲೊಂದು ಕಿಂಡಿಯೂ ಇದೆ.

1954ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರಕಾಶಕರು ಪ್ರತಿ ಪುಸ್ತಕವನ್ನೂ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಜೊತೆಗೆ ಚೆನ್ನೈ, ಮುಂಬೈ, ದೆಹಲಿಯ ಒಂದೊಂದು ಗ್ರಂಥಾಲಯಕ್ಕೆ ಸ್ವಂತ ಖರ್ಚಿನಲ್ಲಿ ಕಳುಹಿಸಬೇಕು. ಸರ್ಕಾರದ ಪ್ರಕಟಣೆಗಳಿಗೂ ಇದು ಅನ್ವಯಿಸುತ್ತದೆ. ಆದರೆ ಕೇವಲ ಕಚೇರಿ ಬಳಕೆಯ ಪುಸ್ತಕಗಳಿಗೆ ವಿನಾಯಿತಿಯಿದೆ. ಇಲಾಖೆಗಳ ಎಷ್ಟೋ ವರದಿಗಳು ಈ ವಿನಾಯಿತಿಯ ನೆರಳಿನಲ್ಲೇ ಉಳಿದುಬಿಡುತ್ತವೆ. ಅಚ್ಚಾಗುವುದೇ ಕೆಲವು ನೂರು ಪ್ರತಿ. ಹಂಚಿಕೆ ಮುಗಿದ ಮೇಲೆ ಕೇಳಲು ಹೋದರೆ ಬೀರುವಿನಲ್ಲಿ ಒಂದು ಪ್ರತಿ ಉಳಿದಿದ್ದರೆ ಅದೃಷ್ಟ.

ಜಿಲ್ಲಾ ಗ್ರಂಥಾಲಯದವರನ್ನು ಇದಕ್ಕೆ ದೂರುವುದು ಅನ್ಯಾಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಅವರಿಗೆ ಸಿಗುವ ಕರದ ಹಣ ಓದುಗರು ಕೇಳುವ ಪುಸ್ತಕ, ಪತ್ರಿಕೆಗಳಿಗೆ ಹೋಗುತ್ತದೆ. ಬೆಲೆಯಿಲ್ಲದ, ಪುಸ್ತಕದಂಗಡಿಗೆ ಬಾರದ ವರದಿ ಖರೀದಿಯ ದಾರಿಯಲ್ಲಿ ಬರುವುದೇ ಇಲ್ಲ. ಯಾರಾದರೂ ಇಲಾಖೆಗೆ ಹೋಗಿ ಬೇಡಿ ತರಬೇಕು. ಹಾಗೆ ತಂದದ್ದೂ ಉಳಿಯುವುದು ಕಷ್ಟ. ಅಗ್ಗದ ಕಾಗದ ಕಂದಾಗಿ ಮಡಿಚಿದಲ್ಲೇ ಮುರಿಯುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ, ತೆಳು ವರದಿಗೆ ಬೆನ್ನಿನ ಮೇಲೆ ಹೆಸರಿಲ್ಲದ ಕಾರಣ ಕಪಾಟಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ನಾಲ್ಕೈದನ್ನು ಸೇರಿಸಿ ಬಟ್ಟೆಯ ಬೈಂಡಿಂಗ್ ಮಾಡಿಸಿದರೆ ಮಾತ್ರ ಬಾಳುತ್ತದೆ. ನಾನು ಕಂಡಂತೆ ಗೆದ್ದಲಿಗಿಂತ ದೊಡ್ಡ ಶತ್ರು ಕಚೇರಿಯ ಸ್ಥಳಾಂತರ. ಹೊಸ ಕಟ್ಟಡಕ್ಕೆ ಮೇಜು ಕುರ್ಚಿ ಹೋಗುತ್ತವೆ, ವರದಿಗಳು ರದ್ದಿಗೆ ಹೋಗುತ್ತವೆ.

ಇನ್ನು ಹುಡುಕುವ ವಿಚಾರ. ಬಾಗೇಪಲ್ಲಿ ಈಗಿರುವ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದದ್ದು 2007ರಲ್ಲಿ, ಆದ್ದರಿಂದ ನಿಮಗೆ ಬೇಕಾದದ್ದೆಲ್ಲ ಕೋಲಾರದ ಹೆಸರಿನಲ್ಲಿದೆ. ರಾಜ್ಯ ಕರ್ನಾಟಕವಾದದ್ದು 1973ರಲ್ಲಿ, ಅದಕ್ಕೂ ಹಿಂದಿನದನ್ನು ಮೈಸೂರು ಎಂದೇ ಹುಡುಕಬೇಕು. 1968ರ ಕೋಲಾರ ಜಿಲ್ಲಾ ಗ್ಯಾಸೆಟಿಯರ್, ಅಂದರೆ ಜಿಲ್ಲೆಯ ಸಮಗ್ರ ವಿವರಗಳ ಸರ್ಕಾರಿ ಗ್ರಂಥ ಕೂಡ ಮೈಸೂರು ರಾಜ್ಯದ ಗ್ಯಾಸೆಟಿಯರ್ ಮಾಲೆಯದು. ಅದರ ನೀರಾವರಿ ಅಧ್ಯಾಯದಿಂದ ಆರಂಭಿಸಿ. ಸರ್ಕಾರಿ ವರದಿಗಳಿಗೆ ಗ್ರಂಥಾಲಯದ ಪುಸ್ತಕ ಸೂಚಿಯಲ್ಲಿ ಇಲಾಖೆ ಅಥವಾ ಸಮಿತಿಯೇ ಲೇಖಕ. ಪತ್ರಿಕೆಗಳು ಬಳಸುವ ಹೆಸರು ಅಲ್ಲಿ ನೆರವಾಗದಿರಬಹುದು. ನಂಜುಂಡಪ್ಪ ವರದಿ ಎಂದು ಎಲ್ಲರೂ ಕರೆಯುವ 2002ರ ವರದಿಯ ಮುಖಪುಟದಲ್ಲಿರುವುದು ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿಯ ಹೆಸರು.

ಬೆಂಗಳೂರಿನಲ್ಲಿ ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯ, ನಾಗರಬಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಗ್ರಂಥಾಲಯ, ರಾಜ್ಯ ಪತ್ರಾಗಾರ ಈ ಮೂರನ್ನೂ ನೋಡಿ. ಸದನದಲ್ಲಿ ಮಂಡಿಸಿದ ವರದಿಯಾದರೆ ವಿಧಾನಮಂಡಲದ ಗ್ರಂಥಾಲಯವನ್ನು ವಿಚಾರಿಸಿ. ಕೋಲಾರದ ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿಯ ಕಚೇರಿಯನ್ನೂ ಬಿಡಬೇಡಿ.

ನಮ್ಮಲ್ಲಿ ಸಿಗದ್ದು ಅಮೆರಿಕದಲ್ಲಿ ಸಿಕ್ಕರೆ ಆಶ್ಚರ್ಯಪಡಬೇಡಿ. ಪಿಎಲ್ 480 ಎಂಬ ಆಹಾರ ನೆರವಿನ ಯೋಜನೆಯಲ್ಲಿ ಅಮೆರಿಕದಿಂದ ಬಂದ ಗೋಧಿಗೆ ನಾವು ರೂಪಾಯಿಯಲ್ಲಿ ಹಣ ಕೊಟ್ಟೆವು. ಆ ರೂಪಾಯಿಯ ಒಂದು ಪಾಲಿನಿಂದ 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ ಭಾರತದ ಪ್ರಕಟಣೆಗಳನ್ನು, ರಾಜ್ಯ ಸರ್ಕಾರಗಳ ವರದಿಗಳನ್ನೂ ಸೇರಿಸಿ, ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳುಹಿಸಿತು. ನಮ್ಮ ತಾಲ್ಲೂಕಿನ ಕೆರೆಯ ಲೆಕ್ಕ ನೋಡಲು ಷಿಕಾಗೊ ವಿಶ್ವವಿದ್ಯಾಲಯದ ಸೂಚಿ ತೆರೆಯಬೇಕಾಗಿ ಬರುವುದು ನನಗೆ ಈಗಲೂ ಕಸಿವಿಸಿ ತರುತ್ತದೆ. ಆದರೂ ತೆರೆಯಿರಿ, ವರದಿಯ ಪೂರ್ಣ ಶೀರ್ಷಿಕೆಯಾದರೂ ಅಲ್ಲಿ ಸಿಕ್ಕೀತು.

ಆ ಶೀರ್ಷಿಕೆ, ವರ್ಷ, ಇಲಾಖೆಯ ಆಗಿನ ಹೆಸರು ಮೂರನ್ನೂ ಬರೆದ ಚೀಟಿಯೊಂದಿಗೆ, ನಿಮ್ಮ ಮಾರ್ಗದರ್ಶಕರ ಪತ್ರ ಹಿಡಿದು ಹೋಗಿ. 'ಹಳೆಯ ವರದಿ ಇದೆಯೇ' ಎಂದು ಕೇಳಿದರೆ ಇಲ್ಲ ಎನ್ನುವವರೂ ನಿರ್ದಿಷ್ಟವಾಗಿ ಕೇಳಿದರೆ ಎದ್ದು ಬೀರು ತೆಗೆಯುತ್ತಾರೆ.