ಅಗ್ಗದ ಲಾಂಗ್ ಝೂಮ್ ಕ್ಯಾಮೆರಾ ಕೊಳ್ಳಬಹುದೇ?

ಪ್ರಶ್ನೆ: ನನಗೆ ಹಕ್ಕಿಗಳ ಫೋಟೊ ತೆಗೆಯುವ ಆಸೆ. ಮೊಬೈಲ್‌ನಲ್ಲಿ ಹಕ್ಕಿ ಬರೀ ಚುಕ್ಕೆಯಂತೆ ಕಾಣುತ್ತದೆ. ಡಿಎಸ್‌ಎಲ್‌ಆರ್ ಮತ್ತು ದೊಡ್ಡ ಲೆನ್ಸ್ ಕೊಳ್ಳುವಷ್ಟು ಹಣವಿಲ್ಲ. 60 ಎಕ್ಸ್ ಝೂಮ್ ಇರುವ ಕಡಿಮೆ ಬೆಲೆಯ ಕ್ಯಾಮೆರಾ ತೆಗೆದುಕೊಳ್ಳಲೇ? ಸಂಜೆ ನಡೆಯುವ ಮಗಳ ನೃತ್ಯ ಕಾರ್ಯಕ್ರಮಕ್ಕೂ ಅದೇ ಸಾಕಾಗುತ್ತದೆಯೇ?

ಉತ್ತರ: ಹಕ್ಕಿಗೆ ಧಾರಾಳವಾಗಿ ತೆಗೆದುಕೊಳ್ಳಿ. ನೃತ್ಯಕ್ಕೆ ಮಾತ್ರ ಅದನ್ನು ನಂಬಬೇಡಿ.

ಈ ಕ್ಯಾಮೆರಾಗಳು ಇಷ್ಟು ಸಣ್ಣದಾಗಿದ್ದೂ ಇಷ್ಟು ದೂರ ನೋಡುವುದಕ್ಕೆ ಕಾರಣ ಒಳಗಿರುವ ಪುಟ್ಟ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್. ಸುಮಾರು 6 ಮಿ.ಮೀ. ಅಗಲ, 4.5 ಮಿ.ಮೀ. ಎತ್ತರ, ಅಷ್ಟೇ. ಸೆನ್ಸರ್ ಚಿಕ್ಕದಾದರೆ ಚಿಕ್ಕ ಲೆನ್ಸ್‌ನಲ್ಲೇ ದೂರದ್ದು ಹತ್ತಿರ ಬರುತ್ತದೆ. 2015ರಲ್ಲಿ ಬಂದ ನಿಕಾನ್ ಪಿ900 ಹೀಗೆಯೇ 2000 ಮಿ.ಮೀ. ಲೆನ್ಸ್‌ಗೆ ಸಮನಾದ ನೋಟ ಕೊಟ್ಟಿತು. ದೊಡ್ಡ ಸೆನ್ಸರ್‌ಗೆ ಅಂಥ ಲೆನ್ಸ್ ಮಾಡಿದರೆ ಕೈಯಲ್ಲಿ ಹಿಡಿಯುವುದೇ ಕಷ್ಟ.

ಆದರೆ ಪುಟ್ಟ ಸೆನ್ಸರ್‌ಗೆ ಸಿಗುವ ಬೆಳಕೂ ಕಡಿಮೆ, ಅಲ್ವಾ? ಸಾಲದ್ದಕ್ಕೆ, ಝೂಮ್ ಮಾಡಿದಷ್ಟೂ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಕಿರಿದಾಗುತ್ತದೆ. ಇದನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ, ಸಂಖ್ಯೆ ಏರಿದಷ್ಟೂ ಬೆಳಕು ಕಡಿಮೆ. ಶುರುವಿನಲ್ಲಿ ಎಫ್ 2.8 ಇದ್ದದ್ದು ಕೊನೆಗೆ 6.5ಕ್ಕೆ ಬಂದರೆ, ಬೆಳಕು ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ಕ್ಯಾಮೆರಾ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆಯನ್ನು ಏರಿಸುತ್ತದೆ. 800 ದಾಟಿದ ಮೇಲೆ ಗರಿಗಳ ಎಳೆ ಎಳೆ ಕಾಣುವುದಿಲ್ಲ, ಬಣ್ಣ ಬಳಿದ ಹಾಗೆ ಕಲಸಿಹೋಗುತ್ತದೆ. ಬೆಳಗಿನ ಬಿಸಿಲಿನಲ್ಲಿ ಐಎಸ್‌ಒ 100ರಲ್ಲಿ ತೆಗೆದರೆ ಅದೇ ಹಕ್ಕಿಯ ಕಣ್ಣಿನ ಹೊಳಪೂ ಸಿಗುತ್ತದೆ. ಆ ಖುಷಿ ದೊಡ್ಡದು.

ನೃತ್ಯಕ್ಕೆ ಬೇಡ ಅಂದದ್ದೂ ಇದಕ್ಕೇ. ಬೆಳಕು ಕಡಿಮೆಯಾದರೆ ಫೋಟೊ ತೆಗೆಯಲು ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ಮಗಳು ಚಲಿಸಿ ಚಿತ್ರ ಮಸುಕಾಗುತ್ತದೆ. ಸ್ಟೆಬಿಲೈಸೇಶನ್ ಇದೆ ಎಂದು ಅಂಗಡಿಯವರು ಹೇಳುತ್ತಾರೆ. ಅದು ತಡೆಯುವುದು ನಿಮ್ಮ ಕೈ ನಡುಕವನ್ನು, ಮಗಳ ಚಲನೆಯನ್ನಲ್ಲ. ಮುಂದಿನ ಸಾಲಿನಲ್ಲಿ ಕೂತು, ಝೂಮ್ ಕಡಿಮೆ ಇಟ್ಟು, ಅವಳು ಭಂಗಿಯಲ್ಲಿ ನಿಂತ ಕ್ಷಣಕ್ಕೆ ಕ್ಲಿಕ್ ಮಾಡಿ. ವಿಡಿಯೊ ಮಾಡಿದರೆ ಇನ್ನೂ ಒಳ್ಳೆಯದು.

ಹಾರುವ ಹಕ್ಕಿಯೂ ಕಷ್ಟವೇ. ಪೂರ್ತಿ ಝೂಮ್‌ನಲ್ಲಿ ಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ, ಅಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ಕೂತ ಹಕ್ಕಿಯನ್ನು ಹುಡುಕುವುದೂ ಮೊದಮೊದಲು ಸುಲಭವಲ್ಲ. ಝೂಮ್ ಪೂರ್ತಿ ಇಳಿಸಿ, ಕೊಂಬೆಯನ್ನು ನಡುವೆ ತಂದುಕೊಂಡು, ನಿಧಾನವಾಗಿ ಏರಿಸುತ್ತಾ ಹೋಗಿ. ಇದಕ್ಕೆ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ತುಂಬಾ ಸಹಾಯ. ಕಣ್ಣಿಗೆ ಒತ್ತಿ ಹಿಡಿದರೆ ಕೈ ನಡುಕವೂ ಕಡಿಮೆ. ಬೆಲೆ ಇಳಿಸಲು ಕೆಲವು ಮಾಡೆಲ್‌ಗಳಲ್ಲಿ ಅದನ್ನೇ ಬಿಟ್ಟಿರುತ್ತಾರೆ. 60 ಎಕ್ಸ್ ಬಿಟ್ಟು 40 ಎಕ್ಸ್‌ಗೆ ಇಳಿದರೂ ಚಿಂತೆಯಿಲ್ಲ, ವ್ಯೂಫೈಂಡರ್ ಇರುವುದನ್ನೇ ಆರಿಸಿ. ಡಿಜಿಟಲ್ ಝೂಮ್ ಸುಮ್ನೆ ಆಫ್ ಮಾಡಿಬಿಡಿ. ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೇ.

ಲೆನ್ಸ್ ಬದಲಿಸುವ ರಗಳೆ ಇಲ್ಲ ಎನ್ನುವುದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಝೂಮ್ ಒಳಗೆ ಹೊರಗೆ ಓಡಾಡುವಾಗ ಗಾಳಿಯ ಜೊತೆ ದೂಳೂ ಒಳಹೋಗುತ್ತದೆ. ಲೆನ್ಸ್ ಕಳಚಲು ಬರುವುದಿಲ್ಲವಾದ್ದರಿಂದ ನೀವೇ ಒರೆಸುವ ಹಾಗಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಪೂರ್ತಿ ಝೂಮ್ ಮಾಡಿ ಬಿಳಿ ಗೋಡೆಯ ಫೋಟೊ ತೆಗೆದು ನೋಡಿ. ಮಸುಕು ಚುಕ್ಕೆಗಳು ಕಂಡರೆ ಆ ಕ್ಯಾಮೆರಾ ಬೇಡ.